ಗ್ಲೈಕಾಲ್ ಚಿಲ್ಲರ್ ಕೆಟ್ಟರೆ ಕನ್ನಡ ಏನು ಮಾಡಬೇಕು?

ಕನ್ನಡದಲ್ಲಿ ಒಂದು ಯಂತ್ರವನ್ನು ಹೊಗಳಬಹುದು, ಬೈಯಬಹುದು, ಅದರ ಮೇಲೆ ಕವಿತೆ ಬರೆಯಬಹುದು, ಅದು ನಮ್ಮ ಆತ್ಮವನ್ನೇ ನುಂಗುತ್ತಿದೆ ಎಂದು ಮೂವತ್ತು ಪುಟದ ಪ್ರಬಂಧ ಮಂಡಿಸಬಹುದು. ಅದೇ ಯಂತ್ರ ಕೆಟ್ಟು ನಿಂತಾಗ ಎಲ್ಲಿಂದ ನೋಡಲು ಶುರು ಮಾಡಬೇಕು ಎಂದು ಎರಡು ಪುಟ ಬರೆಯುವವರು ಮಾತ್ರ ಸಿಗುವುದಿಲ್ಲ. ಇದನ್ನೊಂದು ಕೊರತೆ ಎಂದು ನಾವು ಎಣಿಸಿಯೇ ಇಲ್ಲ ಎನ್ನುವುದು ನನ್ನ ತಕರಾರು. ವಿಮರ್ಶೆ ಬಡವಾಗಿದೆ, ಅನುವಾದ ಸಾಲದು, ನಾಟಕಕ್ಕೆ ಪ್ರೇಕ್ಷಕರಿಲ್ಲ ಎಂದು ವಾರಕ್ಕೊಮ್ಮೆ ಮರುಗುವ ನಾವು, ರಿಪೇರಿಯ ಗದ್ಯ ಇಲ್ಲವೆಂದು ಒಂದು ಸಲವೂ ಮರುಗಿದ್ದಿಲ್ಲ.

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಬೇಕೆಂದೇ ತುಸು ಮುಜುಗರದ ವಸ್ತು. ಮನೆಯಲ್ಲಿ ಬಿಯರ್ ಮಾಡುವವರು ಬಳಸುವ ಗ್ಲೈಕಾಲ್ ಚಿಲ್ಲರ್. ನಾನು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಯೀಸ್ಟ್ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ನಾವು ಮೂವರು ಸಂಶೋಧನಾ ವಿದ್ಯಾರ್ಥಿಗಳು ಬಾಡಿಗೆಗಿರುವ ಮನೆಯ ಗ್ಯಾರೇಜಿನಲ್ಲಿ ಕಾರಿಲ್ಲ, ಇಪ್ಪತ್ತು ಲೀಟರಿನ ಎರಡು ಸ್ಟೀಲ್ ಪಾತ್ರೆಗಳಿವೆ. ಇಲ್ಲಿ ಇದು ಕಾನೂನುಬದ್ಧ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ಪ್ರಕಾರ ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರನ್ನು ತೆರಿಗೆಯಿಲ್ಲದೆ ಸ್ವಂತಕ್ಕೆ ಮಾಡಿಕೊಳ್ಳಬಹುದು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದನ್ನು ಪರವಾನಗಿಯಿಲ್ಲದೆ ಒಪ್ಪುವುದಿಲ್ಲ, ಹಾಗಾಗಿ ಇದನ್ನು ಓದಿ ಯಾರೂ ಊರಿನ ಮನೆಯ ಹಿತ್ತಲಲ್ಲಿ ಹಂಡೆ ಏರಿಸಬೇಡಿ. ಆದರೆ ಇದೇ ಯಂತ್ರ, ಇದರ ಹತ್ತಿಪ್ಪತ್ತು ಪಟ್ಟು ದೊಡ್ಡ ಅಣ್ಣಂದಿರು, ಬೆಂಗಳೂರಿನ ಬ್ರೂ ಪಬ್ಬುಗಳ ಹಿಂಬಾಗಿಲಲ್ಲಿ ಹಗಲೂ ರಾತ್ರಿ ಗುಂಯ್‌ಗುಡುತ್ತಿದ್ದಾರೆ. ಅವುಗಳನ್ನು ನೋಡಿಕೊಳ್ಳುವ ಹುಡುಗರಲ್ಲಿ ಹಲವರು ಹಾಸನ, ಮಂಡ್ಯ, ಚಿತ್ರದುರ್ಗದ ಕಡೆಯವರು. ಅವರು ಯೋಚಿಸುವುದು ಕನ್ನಡದಲ್ಲಿ.

ಯಂತ್ರದ ವಿಚಾರಕ್ಕೆ ಬರುತ್ತೇನೆ. ಬಿಯರಿನ ರುಚಿಯ ಬಹುಪಾಲು ನಿರ್ಧಾರವಾಗುವುದು ಯೀಸ್ಟ್ ಕೆಲಸ ಮಾಡುವ ಉಷ್ಣಾಂಶದಲ್ಲಿ. ಏಲ್ ಜಾತಿಯ ಯೀಸ್ಟನ್ನು 18ರಿಂದ 20 ಡಿಗ್ರಿಯಲ್ಲಿ ಇಟ್ಟರೆ ಅದು ಸಮಾಧಾನದಿಂದ ಸಕ್ಕರೆ ತಿನ್ನುತ್ತದೆ. 26 ಡಿಗ್ರಿಗೆ ಏರಲು ಬಿಟ್ಟರೆ ಗಂಟಲು ಸುಡುವ ಭಾರದ ಆಲ್ಕೋಹಾಲುಗಳನ್ನೂ, ಅತಿಯಾಗಿ ಕಳಿತ ಹಣ್ಣಿನ ವಾಸನೆಯನ್ನೂ ತಂದು ಹಾಕುತ್ತದೆ. ಬೇಸಿಗೆಯಲ್ಲಿ ದೋಸೆ ಹಿಟ್ಟು ರಾತ್ರಿಗೇ ಉಕ್ಕಿ ಹುಳಿಯಾಗುವುದನ್ನೂ, ಡಿಸೆಂಬರಿನಲ್ಲಿ ಬೆಳಗಾದರೂ ಮಂಕಾಗಿ ಕೂತಿರುವುದನ್ನೂ ಕಂಡವರಿಗೆ ಇದರಲ್ಲಿ ಹೊಸದೇನಿಲ್ಲ.

ಈ ಉಷ್ಣಾಂಶವನ್ನು ಹಿಡಿದಿಡಲು ಎರಡು ಸುತ್ತುಗಳಿವೆ. ಮೊದಲನೆಯದು ನಮ್ಮ ಫ್ರಿಜ್ಜಿನದೇ ಸುತ್ತು. ಕಂಪ್ರೆಸರ್, ಹಿಂದೆ ಬಿಸಿಗಾಳಿ ಬಿಡುವ ಕಂಡೆನ್ಸರ್, ಟ್ಯಾಂಕಿನೊಳಗೆ ಮುಳುಗಿರುವ ತಣ್ಣನೆಯ ಕಾಯಿಲ್. ಎರಡನೆಯದು ದ್ರವದ ಸುತ್ತು. ಆ ಟ್ಯಾಂಕಿನಲ್ಲಿ ನೀರು ಮತ್ತು ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿದ ದ್ರವ ಇರುತ್ತದೆ. ಬಿಯರ್ ಪಾತ್ರೆಯೊಳಗಿನ ಸೆನ್ಸರ್ 'ಬಿಸಿಯಾಯಿತು' ಎಂದಾಗ ಒಂದು ಸಣ್ಣ ಪಂಪು ಈ ದ್ರವವನ್ನು ಪೈಪಿನ ಮೂಲಕ ಪಾತ್ರೆಯ ಸುರುಳಿಗೆ ತಳ್ಳುತ್ತದೆ, ದ್ರವ ಅಲ್ಲಿಯ ಶಾಖ ಹೊತ್ತು ಟ್ಯಾಂಕಿಗೆ ಮರಳುತ್ತದೆ. ಬರಿಯ ನೀರು ಯಾಕಾಗದು? ಕಾಯಿಲ್ಲಿನ ಮೈ ಸೊನ್ನೆಗಿಂತ ಬಹಳ ಕೆಳಗಿರುವುದರಿಂದ ನೀರು ಅಲ್ಲೇ ಹೆಪ್ಪುಗಟ್ಟುತ್ತದೆ. ನೂರಕ್ಕೆ ಮೂವತ್ತು ಪಾಲು ಪ್ರೊಪಿಲೀನ್ ಗ್ಲೈಕಾಲ್ ಇದ್ದರೆ ಮಿಶ್ರಣ ಸುಮಾರು ಮೈನಸ್ 13 ಡಿಗ್ರಿವರೆಗೂ ಹರಿಯುತ್ತದೆ. ಹತ್ತು ಪಾಲು ಮಾತ್ರ ಇದ್ದರೆ ಮೈನಸ್ 3ರ ಹೊತ್ತಿಗೇ ಮಂಜು ಮೂಡುತ್ತದೆ.

ಕಳೆದ ಆಗಸ್ಟಿನಲ್ಲಿ ನಮ್ಮ ಚಿಲ್ಲರ್ ಕೈಕೊಟ್ಟಿತು. ಪಾತ್ರೆಯನ್ನು 18 ಡಿಗ್ರಿಗೆ ಇಟ್ಟಿದ್ದರೂ ಬಿಯರ್ 24ಕ್ಕೆ ಏರಿತ್ತು. ಚಿಲ್ಲರಿನ ಪರದೆ ಮಾತ್ರ ಮೈನಸ್ 3 ತೋರಿಸುತ್ತಿತ್ತು, ಕಂಪ್ರೆಸರ್ ಸದ್ದಿಲ್ಲದೆ ಕೂತಿತ್ತು. ಮನೆಯ ಸಂಗಾತಿಯೊಬ್ಬರ ತೀರ್ಮಾನ ತಕ್ಷಣ ಬಂತು: ಯೀಸ್ಟ್ ಬಹಳ ಜೋರಾಗಿದೆ, ಈ ಕಂಪ್ರೆಸರಿಗೆ ತಾಕತ್ತಿಲ್ಲ, ದೊಡ್ಡದು ತರಿಸೋಣ.

ಇಲ್ಲಿ ಲೆಕ್ಕ ಮಾತಾಡಬೇಕು. ಇಪ್ಪತ್ತು ಲೀಟರ್ ಸಾಧಾರಣ ಬಿಯರಿನಲ್ಲಿ ಯೀಸ್ಟ್ ತಿನ್ನುವ ಸಕ್ಕರೆ ಹೆಚ್ಚೆಂದರೆ 1.6 ಕಿಲೋ. ಕಿಲೋಗೆ ಸುಮಾರು 590 ಕಿಲೋಜೂಲ್‌ನಂತೆ ಹಿಡಿದರೆ ಒಟ್ಟು ಶಾಖ 950 ಕಿಲೋಜೂಲ್ ಆಸುಪಾಸು. ಮೂರು ದಿನಕ್ಕೆ ಹಂಚಿದರೆ ಸರಾಸರಿ 4 ವ್ಯಾಟ್ ಕೂಡ ಆಗುವುದಿಲ್ಲ. ಅತಿ ಜೋರಿನ ಗಂಟೆಗಳಲ್ಲಿ ಇದರ ಎರಡು ಮೂರು ಪಟ್ಟು ಅಂದುಕೊಳ್ಳಿ, ಆಗಲೂ ಅದು ಅಡುಗೆಮನೆಯ ಒಂದು ಎಲ್‌ಇಡಿ ಬಲ್ಬಿನಷ್ಟು. ಹೊದಿಕೆಯಿಲ್ಲದ ಸ್ಟೀಲ್ ಪಾತ್ರೆಯೊಳಕ್ಕೆ 30 ಡಿಗ್ರಿಯ ಗ್ಯಾರೇಜ್ ನುಗ್ಗಿಸುವ ಶಾಖ ಇದಕ್ಕಿಂತ ಹಲವು ಪಟ್ಟು ಹೆಚ್ಚು. ಅಂದರೆ ಯೀಸ್ಟ್ ಮೇಲಿನ ಆರೋಪ ನಿಲ್ಲುವುದಿಲ್ಲ. ದೊಡ್ಡ ಕಂಪ್ರೆಸರ್ ತರಿಸುವ ಮೊದಲು ಪಾತ್ರೆಗೊಂದು ಕಂಬಳಿ ಹೊದಿಸುವುದು ಒಳ್ಳೆಯದು.

ಆಮೇಲಿನ ಕೆಲಸ ದಾರಿಯನ್ನು ಎರಡಾಗಿ ಸೀಳುವುದು. ಟ್ಯಾಂಕಿನ ದ್ರವ ನಿಜಕ್ಕೂ ತಣ್ಣಗಿದೆಯೇ? ತಣ್ಣಗಿದ್ದೂ ಬಿಯರ್ ಬಿಸಿಯಾಗಿದ್ದರೆ ತಪ್ಪು ಹರಿವಿನ ಕಡೆಗಿದೆ. ಪಂಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು, ಪೈಪ್ ಮಡಚಿರಬಹುದು, ದ್ರವದ ಮಟ್ಟ ಇಳಿದಿರಬಹುದು, ಬಿಯರಿನ ಸೆನ್ಸರ್ ತನ್ನ ಗೂಡಿನಿಂದ ಹೊರಬಂದು ಗಾಳಿಯ ಬಿಸಿಯನ್ನು ಅಳೆಯುತ್ತಿರಬಹುದು. ಟ್ಯಾಂಕೇ ಬೆಚ್ಚಗಿದ್ದರೆ ತಪ್ಪು ತಂಪಿನ ಕಡೆಗಿದೆ. ಕಂಡೆನ್ಸರಿನ ರೆಕ್ಕೆಗಳಲ್ಲಿ ಧೂಳು, ಫ್ಯಾನ್ ನಿಂತಿರುವುದು, ಯಂತ್ರವನ್ನು ಗೋಡೆಗೆ ಒತ್ತಿಟ್ಟು ಗಾಳಿಯಾಡದಂತೆ ಮಾಡಿರುವುದು, ಕಾಯಿಲ್ ಮೇಲೆ ಐಸ್, ಕಟ್ಟಕಡೆಗೆ ಗ್ಯಾಸ್ ಸೋರಿಕೆ. ಸೆನ್ಸರುಗಳನ್ನೇ ನಂಬಬಹುದೋ ಇಲ್ಲವೋ ಎನ್ನುವುದಕ್ಕೂ ಪರೀಕ್ಷೆ ಸುಲಭ. ಒಂದು ಲೋಟದಲ್ಲಿ ಐಸ್ ಚೂರು ತುಂಬಿ ಸ್ವಲ್ಪ ನೀರು ಹಾಕಿ ಕಲಕಿ ಅದರಲ್ಲಿ ಅದ್ದಿದರೆ ಸೊನ್ನೆ ತೋರಿಸಬೇಕು.

ನಮ್ಮ ಬಿಯರ್ ಸೆನ್ಸರ್ ಸೊನ್ನೆಯನ್ನೇ ತೋರಿಸಿತು. ಪಂಪ್ ತಿರುಗುತ್ತಿತ್ತು, ಆದರೆ ಮರಳುವ ಪೈಪಿನಲ್ಲಿ ದ್ರವ ಬಡಕಲಾಗಿ ಬರುತ್ತಿತ್ತು. ಇಷ್ಟಾದ ಮೇಲೆ ನಾನು ಬೆಂಗಳೂರಿಗೆ ಫೋನ್ ಮಾಡಿದೆ. ನನ್ನ ಚಿಕ್ಕಮ್ಮನ ಮಗ ಐಟಿಐ ಓದಿ, ಮೊದಲು ಹಾಲಿನ ಶೀತಲೀಕರಣ ಘಟಕದಲ್ಲಿದ್ದು, ಈಗ ಒಂದು ಬ್ರೂ ಪಬ್ಬಿನ ಯಂತ್ರಗಳನ್ನು ನೋಡಿಕೊಳ್ಳುತ್ತಾನೆ.

"ಅಕ್ಕ, ಟ್ಯಾಂಕ್ ಮುಚ್ಚಳ ತೆಗೆದು ನೋಡಿದ್ಯಾ?"

"ಇನ್ನೂ ಇಲ್ಲ ಕಣೋ. ಡಿಸ್‌ಪ್ಲೇ ಮೈನಸ್ ಮೂರು ತೋರಿಸ್ತಿದೆ."

"ಡಿಸ್‌ಪ್ಲೇ ಬಿಡು. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಒಳಗೆ ನೋಡು. ಕಾಯಿಲ್ ಸುತ್ತ ಐಸ್ ಕಟ್ಕೊಂಡಿರುತ್ತೆ. ಸೆನ್ಸರ್ರು ಐಸೊಳಗೆ ಸಿಕ್ಕಾಕೊಂಡಿರುತ್ತೆ, ಕೆಲಸ ಮುಗೀತು ಅಂತ ಕಂಪ್ರೆಸರ್ ನಿಂತೋಗಿದೆ ಅಷ್ಟೆ. ಮೊದಲು ಇಟ್ಕೊಂಡಿದ್ದೋರು ಬರೀ ನೀರು ಹೊಯ್ದವ್ರೆ ನೋಡು."

ಹಾಗೇ ಇತ್ತು. ಚಿಲ್ಲರ್ ಎರಡನೇ ಕೈಯದು. ಹಳೆಯ ಮಾಲೀಕ ದ್ರವ ಇಳಿದಾಗಲೆಲ್ಲ ನಲ್ಲಿಯ ನೀರು ತುಂಬಿಸಿದ್ದ. ವಕ್ರೀಭವನಮಾಪಕದಲ್ಲಿ ಅಳೆದರೆ ಗ್ಲೈಕಾಲ್ ನೂರಕ್ಕೆ ಹತ್ತಕ್ಕೆ ಇಳಿದಿತ್ತು. ಕಾಯಿಲ್ಲಿಗೆ ಬಾಳೆದಿಂಡಿನಷ್ಟು ದಪ್ಪ ಐಸ್. ಆ ಐಸ್ ಕಾಯಿಲ್ಲಿನ ತಂಪು ಉಳಿದ ದ್ರವಕ್ಕೆ ದಾಟದಂತೆ ತಡೆದಿತ್ತು, ಅರ್ಧ ಕರಗಿದ ಮಂಜು ಪಂಪಿನ ಬಾಯಿಗೆ ಅಡ್ಡ ಕೂತಿತ್ತು. ರಾತ್ರಿಯಿಡೀ ಕರಗಲು ಬಿಟ್ಟು, ಇಪ್ಪತ್ತು ಲೀಟರ್ ಟ್ಯಾಂಕಿನಿಂದ ನಾಲ್ಕೂವರೆ ಲೀಟರ್ ತೆಗೆದು, ಅಷ್ಟೇ ಅಪ್ಪಟ ಪ್ರೊಪಿಲೀನ್ ಗ್ಲೈಕಾಲ್ ಸೇರಿಸಿದೆವು. ಇದ್ದ ಎರಡು ಲೀಟರಿನಲ್ಲಿ 0.45 ಹೋಯಿತು, 4.5 ಬಂತು. ಒಟ್ಟು ಆರು ಲೀಟರ್, ನೂರಕ್ಕೆ ಮೂವತ್ತು. ಟ್ಯಾಂಕನ್ನು ಮೈನಸ್ 3ರ ಬದಲು ಪ್ಲಸ್ 3ಕ್ಕೆ ಇಟ್ಟೆವು. 18 ಡಿಗ್ರಿಯ ಬಿಯರಿಗೆ ಅಷ್ಟು ಸಾಕು. ಸೊನ್ನೆಗಿಂತ ಕೆಳಗಿನ ಚಳಿ ಬೇಕಾಗುವುದು ಕೊನೆಯಲ್ಲಿ ಬಿಯರನ್ನು ತಿಳಿಗೊಳಿಸುವಾಗ ಮಾತ್ರ. ಖರ್ಚಾದದ್ದು ಒಂದು ಕ್ಯಾನ್ ಗ್ಲೈಕಾಲ್. ಕಂಪ್ರೆಸರ್ ಅದೇ ಇದೆ.

ನನ್ನ ಪ್ರಶ್ನೆ ಇಲ್ಲಿಂದ ಶುರು. ಆ ಹುಡುಗ ಫೋನಿನಲ್ಲಿ ನಾಲ್ಕು ನಿಮಿಷ ಮಾತಾಡಿದ್ದು ಏನು? ಅವನು ಯಂತ್ರವನ್ನು ನೋಡಿರಲಿಲ್ಲ. ಲಕ್ಷಣಗಳನ್ನು ಕೇಳಿ, ಪರದೆಯ ಸಂಖ್ಯೆಯನ್ನು ಸಾಕ್ಷಿಯಾಗಿ ತಗೊಂಡು, ಆ ಸಾಕ್ಷಿ ಎಲ್ಲಿ ನಿಂತು ಮಾತಾಡುತ್ತಿದೆ ಎಂದು ವಿಚಾರಿಸಿ, ಕಾರಣವನ್ನೂ ಅದರ ಹಿಂದಿನ ಕಾರಣವನ್ನೂ ಹೇಳಿದ. ನಾವು ಸಾಹಿತ್ಯದ ತರಗತಿಯಲ್ಲಿ 'ನಿರೂಪಕನನ್ನು ನಂಬಬಹುದೇ' ಎಂದು ಕಲಿಸುವುದು ಇದನ್ನೇ. ಅವನು ಅದನ್ನು ಕನ್ನಡದಲ್ಲಿ, ಗ್ಯಾಸು, ಕಾಯಿಲ್ಲು, ಸೆನ್ಸರ್ರು ಎನ್ನುವ ತನ್ನ ಕನ್ನಡದಲ್ಲಿ, ತಡವರಿಸದೆ ಮಾಡಿದ. ಈ ಮಾತು ಎಲ್ಲಿ ಬರಹವಾಗಿದೆ? ನಿಮ್ಮೂರಿನ ಪುಸ್ತಕದಂಗಡಿಗೆ ಹೋಗಿ ಕೇಳಿ ನೋಡಿ. ಅಂಕಣ ಬರಹಗಳ ಸಂಕಲನ ಎಷ್ಟು ಬೇಕಾದರೂ ಸಿಗುತ್ತವೆ. ಹಾಲಿನ ಕೂಲರ್ ಕೆಟ್ಟರೆ ಯಾವ ಕ್ರಮದಲ್ಲಿ ನೋಡಬೇಕು ಎನ್ನುವ ಪುಸ್ತಕ ಕೇಳಿದರೆ ಅಂಗಡಿಯವರು ನಿಮ್ಮ ಮುಖ ನೋಡುತ್ತಾರೆ. ಕರ್ನಾಟಕದ ಹಳ್ಳಿ ಹಳ್ಳಿಯ ಹಾಲಿನ ಸಂಘಗಳಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸುವ ಯಂತ್ರಗಳಿವೆ. ಒಂದು ರಾತ್ರಿ ಅದು ಕೆಟ್ಟರೆ ಬೆಳಗ್ಗೆ ಚರಂಡಿಗೆ ಹೋಗುವುದು ಹತ್ತಾರು ಮನೆಗಳ ದುಡಿಮೆ.

ಇದಕ್ಕೆ ಬರುವ ಉತ್ತರಗಳನ್ನು ನಾನು ಕೇಳಿದ್ದೇನೆ. ಒಂದೊಂದಾಗಿ ನೋಡೋಣ.

ಮೊದಲನೆಯದು: ಇಂಗ್ಲಿಷ್ ಕೈಪಿಡಿ ಇದೆಯಲ್ಲ, ಕಲಿಯಲಿ. ಕಲಿಯಲಿ, ಬೇಡವೆಂದವರು ಯಾರು? ಆದರೆ ನಮ್ಮ ಚಿಲ್ಲರಿನ ಇಂಗ್ಲಿಷ್ ಕೈಪಿಡಿಯಲ್ಲಿ ತೊಂದರೆಗಳ ಪಟ್ಟಿ ಎಂಟು ಸಾಲು. ಏಳು ಸಾಲಿನ ಕೊನೆಯಲ್ಲಿ 'ಮಾರಾಟಗಾರರನ್ನು ಸಂಪರ್ಕಿಸಿ' ಎಂದಿದೆ. ತಯಾರಕ ಬರೆಯುವ ಕೈಪಿಡಿ ತಯಾರಕನ ಹಿತಕ್ಕೆ ಇರುತ್ತದೆ. ಬಳಸುವವರ ಹಿತದ ಗದ್ಯವನ್ನು ಬಳಸುವವರೇ ಬರೆಯಬೇಕು. ಇಂಗ್ಲಿಷಿನಲ್ಲಿ ಅದು ಹೇರಳವಾಗಿ ಇರುವುದು ಅಲ್ಲಿಯ ಹವ್ಯಾಸಿಗಳು ನಾಲ್ಕು ದಶಕದಿಂದ ಕೂತು ಬರೆದಿದ್ದರಿಂದ. ಅದು ಇಂಗ್ಲಿಷ್ ಭಾಷೆಯ ಹುಟ್ಟುಗುಣವಲ್ಲ.

ಎರಡನೆಯದು: ಮೊದಲು ಪಾರಿಭಾಷಿಕ ಪದಕೋಶ ಆಗಲಿ. ಇದು ಅತ್ಯಂತ ಗೌರವದ ಸೋಮಾರಿತನ. ಕಂಪ್ರೆಸರಿಗೆ 'ಸಂಪೀಡಕ' ಎಂದೂ, ಕಂಡೆನ್ಸರಿಗೆ 'ಸಾಂದ್ರಕ' ಎಂದೂ ಹೆಸರಿಟ್ಟು ಕೆಲಸ ಮುಗಿಯಿತೆಂದು ಕೈ ತೊಳೆಯುವವರು ಒಮ್ಮೆ ಆ ಪದ ಹಿಡಿದು ಕಲಾಸಿಪಾಳ್ಯದ ಅಂಗಡಿಯಲ್ಲಿ ಬಿಡಿಭಾಗ ಕೊಂಡು ಬರಲಿ. ಕೊರತೆ ನಾಮಪದಗಳದ್ದಲ್ಲ. ನಾಮಪದಗಳನ್ನು ಮೆಕ್ಯಾನಿಕ್ಕುಗಳು ಯಾವತ್ತೋ ಒಳಗೆ ಕರೆದುಕೊಂಡು, ವಿಭಕ್ತಿ ಪ್ರತ್ಯಯ ಹಚ್ಚಿ, ಮನೆಯವರನ್ನಾಗಿ ಮಾಡಿದ್ದಾರೆ. ನಮಗಿಲ್ಲದ್ದು ವಾಕ್ಯಗಳು: 'ಇದು ಹೀಗಿದ್ದರೆ ಅದನ್ನು ನೋಡು, ಹಾಗಿಲ್ಲದಿದ್ದರೆ ಮುಂದಿನದಕ್ಕೆ ಹೋಗು, ಇದನ್ನು ಮುಟ್ಟುವ ಮೊದಲು ಅದನ್ನು ಆರಿಸು' ಎಂದು ಓದುಗರ ಕೈಹಿಡಿದು ಕರೆದೊಯ್ಯುವ ವಾಕ್ಯಗಳು.

ಮೂರನೆಯದು: ಯೂಟ್ಯೂಬಿನಲ್ಲಿ ಕನ್ನಡ ವಿಡಿಯೊಗಳಿವೆ. ಇವೆ, ಕೆಲವು ಬಹಳ ಚೆನ್ನಾಗಿವೆ. ವಿಡಿಯೊ ಒಂದು ಯಂತ್ರದ ಒಂದು ರೋಗವನ್ನು ತೋರಿಸುತ್ತದೆ, ನಿಮ್ಮದು ಅದೇ ರೋಗವಾಗಿದ್ದರೆ ನೀವು ಬದುಕಿದಿರಿ. ನಿಮ್ಮದು ಬೇರೆಯಾಗಿದ್ದರೆ ಹನ್ನೆರಡು ನಿಮಿಷ ಹೋಯಿತು. ಬರಹದಲ್ಲಿ ಮಾತ್ರ ಹತ್ತು ಸಾಧ್ಯತೆಗಳನ್ನು ಪಕ್ಕಪಕ್ಕ ಇಟ್ಟು, ಒಂದನ್ನು ಹೊಡೆದುಹಾಕಿ, ಹಿಂದಕ್ಕೆ ಹೋಗಿ, ಅಂಚಿನಲ್ಲಿ ಗೀಚಿ, ತಕರಾರು ತೆಗೆದು, ಮುಂದಿನವರಿಗೆ ತಿದ್ದಿ ಕೊಡಲು ಆಗುವುದು.

ನಾಲ್ಕನೆಯದು, ಯಾರೂ ಬಾಯಿಬಿಟ್ಟು ಹೇಳದ್ದು: ಇದು ಸಾಹಿತ್ಯವಲ್ಲ. ಹಾಗಿದ್ದರೆ ನಮ್ಮ ಹಿರಿಯರು ಮಾಡಿದ್ದೇನು? 11ನೇ ಶತಮಾನದಲ್ಲಿ ಎರಡನೇ ಚಾವುಂಡರಾಯ 'ಲೋಕೋಪಕಾರ' ಬರೆದ. ಅದರಲ್ಲಿ ಬಾವಿ ತೋಡುವ ಜಾಗ ಹುಡುಕುವುದರಿಂದ ಹಿಡಿದು ಗಿಡಗಳ ಆರೈಕೆ, ಅಡುಗೆ, ದನಕರುಗಳ ಕಾಯಿಲೆಯವರೆಗೆ ಎಲ್ಲವೂ ಪದ್ಯದಲ್ಲಿದೆ. 14ನೇ ಶತಮಾನದಲ್ಲಿ ಮಂಗರಾಜ ವಿಷಗಳ ಲಕ್ಷಣ ಮತ್ತು ಚಿಕಿತ್ಸೆಯ ಮೇಲೆ 'ಖಗೇಂದ್ರ ಮಣಿದರ್ಪಣ' ಎಂಬ ಇಡೀ ಕಾವ್ಯವನ್ನೇ ರಚಿಸಿದ. 16ನೇ ಶತಮಾನದಲ್ಲಿ ಮೂರನೇ ಮಂಗರಸ 'ಸೂಪಶಾಸ್ತ್ರ' ಬರೆದ. ಇವರೆಲ್ಲ ಕವಿಗಳು. ಕೈಕೆಲಸದ ತಿಳಿವಳಿಕೆಯನ್ನು ಬರೆದರೆ ತಮ್ಮ ಕವಿತ್ವಕ್ಕೆ ಮುಕ್ಕಾಗುತ್ತದೆ ಎಂದು ಅವರಿಗೆ ಅನ್ನಿಸಲಿಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಪತ್ರಿಕೆ ಶುರು ಮಾಡಿದಾಗಲೂ ಅನ್ನಿಸಲಿಲ್ಲ. ಶಿವರಾಮ ಕಾರಂತರಿಗೆ ಅನ್ನಿಸಲಿಲ್ಲ, ಬಿ.ಜಿ.ಎಲ್. ಸ್ವಾಮಿಯವರಿಗೆ ಅನ್ನಿಸಲಿಲ್ಲ, ತೇಜಸ್ವಿಯವರಿಗಂತೂ ಅನ್ನಿಸಲೇ ಇಲ್ಲ. ಅನ್ನಿಸತೊಡಗಿದ್ದು ನಮಗೆ, ಸಾಹಿತ್ಯವೆಂದರೆ ಕತೆ, ಕವಿತೆ, ವಿಮರ್ಶೆ ಎಂದು ಪಠ್ಯಕ್ರಮ ಕಲಿಸಿಕೊಟ್ಟ ಮೇಲೆ.

ಇನ್ನೂ ಕೆರಳಿಸುವುದು ನಮ್ಮ ಕಾಯಕದ ಭಾಷಣಗಳು. ವಚನಕಾರರಲ್ಲಿ ಹೆಂಡದ ಮಾರಯ್ಯ ಎಂಬವನಿದ್ದಾನೆ. ಹೆಂಡ ಮಾರುವುದು ಅವನ ಕಾಯಕ, ಅವನ ವಚನಗಳು ಉಳಿದು ಬಂದಿವೆ. ಅವನ ಮೇಲೆ ವಿಚಾರ ಸಂಕಿರಣ ಮಾಡಲು ನಮಗೆ ಸಂಕೋಚವಿಲ್ಲ, ಅವನ ಮಡಕೆಯಲ್ಲಿ ಏನಾಗುತ್ತಿತ್ತು ಎಂದು ಕೇಳಲು ಇದೆ. ಕಾಯಕದ ಘನತೆಯ ಬಗ್ಗೆ ಎರಡು ದಿನದ ಗೋಷ್ಠಿ ನಡೆಯುವ ಸಭಾಂಗಣದಲ್ಲಿ ಎಸಿ ಕೆಟ್ಟರೆ ಬಂದು ರಿಪೇರಿ ಮಾಡುವವರನ್ನು ಹಿಂಬಾಗಿಲಿನಿಂದ ಕರೆಯುತ್ತೇವೆ, ಏಣಿ ಸದ್ದು ಮಾಡಿದರೆ ಸಿಡುಕುತ್ತೇವೆ. ಅವರು ಏನು ಕಂಡರು, ಹೇಗೆ ಕಂಡುಹಿಡಿದರು ಎಂದು ಕೇಳಿ ಬರೆದುಕೊಂಡ ಸಂಶೋಧನಾ ವಿದ್ಯಾರ್ಥಿಯನ್ನು ನಾನು ನೋಡಿಲ್ಲ.

ಬಿಯರಿನಂಥ ವಸ್ತು ವಿದ್ವತ್ತಿಗೆ ತಕ್ಕದ್ದಲ್ಲ ಎನ್ನುವವರಿಗೆ ಒಂದಿಷ್ಟು ನೆನಪು. ಕಾರ್ಲ್ ಫಾನ್ ಲಿಂಡೆ 1870ರ ದಶಕದಲ್ಲಿ ತನ್ನ ಶೀತಲ ಯಂತ್ರಗಳನ್ನು ಕಟ್ಟಿದ್ದು ಬ್ರೂವರಿಗಳಿಗಾಗಿ. ನಮ್ಮ ಮನೆಯ ಫ್ರಿಜ್ಜಿನ ವಂಶಾವಳಿ ಅಲ್ಲಿಗೆ ಹೋಗುತ್ತದೆ. ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸೆನ್ 1883ರಲ್ಲಿ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ. ಅದೇ ಪ್ರಯೋಗಾಲಯದಲ್ಲಿ 1909ರಲ್ಲಿ ಸೋರೆನ್‌ಸೆನ್ ಪಿಎಚ್ ಅಳತೆಗೋಲನ್ನು ಕೊಟ್ಟ. ಪ್ರತಿಯೊಬ್ಬ ಪಿಎಚ್‌ಡಿ ವಿದ್ಯಾರ್ಥಿಯೂ ಬಳಸುವ ಟಿ-ಪರೀಕ್ಷೆಯನ್ನು 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಪ್ರಕಟಿಸಿದ ವಿಲಿಯಂ ಗಾಸೆಟ್, ಗಿನ್ನೆಸ್ ಬ್ರೂವರಿಯ ನೌಕರ. ಹುದುಗಿನ ಪಾತ್ರೆಯ ಮೇಲೆ ಬಗ್ಗಿ ನೋಡಿದವರು ಕಂಡದ್ದು ಪಾತ್ರೆಗಿಂತ ದೊಡ್ಡದಾಗಿತ್ತು.

ಇಷ್ಟೆಲ್ಲ ಹೇಳಿಯೂ ಇದು ಭಾಷಾಭಿಮಾನದ ಮಾತಾಗಿ ಕೇಳಿಸಿದರೆ, ಇನ್ನೊಂದು ವಿಷಯ ಹೇಳಲೇಬೇಕು. ಗ್ಲೈಕಾಲ್ ಎಂಬ ಹೆಸರಿನ ದ್ರವಗಳು ಹಲವು. ಪ್ರೊಪಿಲೀನ್ ಗ್ಲೈಕಾಲ್ ಆಹಾರದಲ್ಲೂ ಔಷಧಿಯಲ್ಲೂ ಬಳಕೆಯಾಗುವಂಥದ್ದು. ಎಥಿಲೀನ್ ಗ್ಲೈಕಾಲ್ ಕಾರಿನ ರೇಡಿಯೇಟರಿಗೆ ಹಾಕುವ ಕೂಲೆಂಟಿನಲ್ಲಿರುತ್ತದೆ, ವಿಷ. ಡೈಎಥಿಲೀನ್ ಗ್ಲೈಕಾಲ್ ಕೂಡ ವಿಷ, ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಮೂರಕ್ಕೂ ಸ್ವಂತ ಬಣ್ಣವಿಲ್ಲ, ಮೂರೂ ನಾಲಗೆಗೆ ತುಸು ಸಿಹಿ. 2020ರ ಜನವರಿಯಲ್ಲಿ ಬ್ರೆಜಿಲಿನ ಬೆಲೊ ಹೊರಿಜಾಂಟೆ ನಗರದ ಒಂದು ಬ್ರೂವರಿಯ ಬಿಯರಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಪತ್ತೆಯಾಯಿತು. ಟ್ಯಾಂಕನ್ನು ತಂಪಾಗಿಡುವ ದ್ರವ ಸೋರಿ ಬಿಯರಿಗೆ ಸೇರಿತ್ತು. ಕುಡಿದವರಲ್ಲಿ ಹಲವರ ಮೂತ್ರಪಿಂಡ ಕೆಟ್ಟಿತು, ಹಲವರು ಸತ್ತರು. 2022ರ ಅಕ್ಟೋಬರಿನಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಾಗ, ಭಾರತದಲ್ಲಿ ತಯಾರಾದ ಕೆಮ್ಮಿನ ಸಿರಪ್ಪುಗಳಲ್ಲಿ ಕಂಡದ್ದೂ ಇದೇ ಎರಡು ವಿಷಗಳು. ಅಲ್ಲಿ ಸತ್ತ ಮಕ್ಕಳು 60ಕ್ಕೂ ಹೆಚ್ಚು.

ಈಗ ಬೆಂಗಳೂರಿನ ಪಬ್ಬೊಂದರ ಹಿಂಬದಿಯನ್ನು ಕಲ್ಪಿಸಿಕೊಳ್ಳಿ. ಶನಿವಾರ ಸಂಜೆ, ಟ್ಯಾಂಕಿನ ದ್ರವ ಇಳಿದಿದೆ. 'ಗ್ಲೈಕಾಲ್ ತಗೊಂಡು ಬಾ' ಎಂದು ಹೊಸ ಹುಡುಗನನ್ನು ಕಳಿಸುತ್ತಾರೆ. ಹತ್ತಿರದ ಆಟೊಮೊಬೈಲ್ ಅಂಗಡಿಯಲ್ಲಿ ಕೂಲೆಂಟ್ ಸಿಗುತ್ತದೆ, ಡಬ್ಬದ ಮೇಲೆ ಗ್ಲೈಕಾಲ್ ಎಂದೂ ಇದೆ. ಮೂರು ಹೆಸರುಗಳ ನಡುವಿನ ಜೀವ-ಸಾವಿನ ವ್ಯತ್ಯಾಸ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿದೆ. ಅವನ ಕೈಯಲ್ಲಿ ಕನ್ನಡದ ಒಂದು ಪುಟ ಇದ್ದಿದ್ದರೆ? 'ಪ್ರೊಪಿಲೀನ್ ಮಾತ್ರ, ಆಹಾರ ದರ್ಜೆಯದು ಮಾತ್ರ, ಕಾರಿನ ಕೂಲೆಂಟ್ ಯಾವತ್ತೂ ಬೇಡ, ಏಕೆಂದರೆ ಸುರುಳಿಯಲ್ಲಿ ಒಂದು ಸಣ್ಣ ತೂತು ಬಿದ್ದರೂ ಅದು ಗಿರಾಕಿಯ ಲೋಟಕ್ಕೆ ಹೋಗುತ್ತದೆ' ಎಂದು ಆ ಪುಟದಲ್ಲಿರಬೇಕು. ಆ 'ಏಕೆಂದರೆ' ಮುಖ್ಯ. ಬೇಡ ಎಂದಷ್ಟೇ ಹೇಳಿದರೆ ಶನಿವಾರದ ಅವಸರದಲ್ಲಿ ಮರೆತುಹೋಗುತ್ತದೆ. ಕಾರಣ ಗೊತ್ತಿದ್ದರೆ ಕೈ ತಾನೇ ಹಿಂದೆ ಸರಿಯುತ್ತದೆ. ಮಂಗರಾಜನ ನಾಡಿನಲ್ಲಿ ವಿಷದ ಬಗ್ಗೆ ಒಂದು ಪುಟ ಬರೆಯಲು ಯಾರಿಗೂ ಪುರುಸೊತ್ತಿಲ್ಲ.

ಈ ಗದ್ಯ ಸುಲಭದ್ದಲ್ಲ. ಕವಿತೆಯಲ್ಲಿ ಅಸ್ಪಷ್ಟತೆಗೆ ಧ್ವನಿ ಎಂದು ಹೆಸರಿಡಬಹುದು. ರಿಪೇರಿಯ ಬರಹದಲ್ಲಿ ಅಸ್ಪಷ್ಟವಾಗಿ ಬರೆದರೆ ಓದಿದವರಿಗೆ ಶಾಕ್ ಹೊಡೆಯುತ್ತದೆ. ಯಾವುದನ್ನು ಮೊದಲು ಹೇಳಬೇಕು, ಓದುಗರಿಗೆ ಏನು ಗೊತ್ತಿದೆ, 'ಸ್ವಲ್ಪ ಬಿಸಿ' ಅಂದರೆ ಎಷ್ಟು ಬಿಸಿ, ಮುಟ್ಟಿದರೆ ಹೇಗಿರುತ್ತದೆ, ಕಿವಿಗೆ ಹೇಗೆ ಕೇಳುತ್ತದೆ ಎನ್ನುವುದನ್ನೆಲ್ಲ ಮಾತಿಗೆ ಇಳಿಸಬೇಕು. ಪಂಪಿನಲ್ಲಿ ಗಾಳಿ ಸಿಕ್ಕಿಕೊಂಡಾಗ ಬರುವ ಸದ್ದಿಗೂ, ಮಂಜು ಸಿಕ್ಕಿಕೊಂಡಾಗ ಬರುವ ಸದ್ದಿಗೂ ಇರುವ ವ್ಯತ್ಯಾಸವನ್ನು ಒಂದು ವಾಕ್ಯದಲ್ಲಿ ಬರೆದು ನೋಡಿ, ಎಷ್ಟು ಹೊತ್ತು ಬೇಕಾಗುತ್ತದೆ ಎಂದು ತಿಳಿಯುತ್ತದೆ. ನನ್ನ ತಮ್ಮ ಅದನ್ನು ಬಾಯಲ್ಲಿ ಮಾಡಿ ತೋರಿಸುತ್ತಾನೆ: ಗಾಳಿಯದು 'ಗೊರಗೊರ', ಮಂಜಿನದು 'ಕರಕರ'. ಕನ್ನಡದ ಅನುಕರಣಾವ್ಯಯಗಳ ಬಗ್ಗೆ ಭಾಷಾಶಾಸ್ತ್ರದವರು ಎಷ್ಟೋ ಬರೆದಿದ್ದಾರೆ. ಅವು ಯಂತ್ರದ ರೋಗ ಪತ್ತೆಗೆ ಒದಗುವ ಉಪಕರಣಗಳು ಎಂದು ನನಗೆ ಹೇಳಿಕೊಟ್ಟವನು ಐಟಿಐ ಓದಿದ ಹುಡುಗ.

ಆದ್ದರಿಂದ ಬೇಡಿಕೆಗಳನ್ನು ನೇರವಾಗಿ ಇಡುತ್ತೇನೆ. ವಾರಕ್ಕೊಂದು ಪ್ರಬಂಧ ಹಾಕುವ ಪತ್ರಿಕೆಗಳು ತಿಂಗಳಿಗೊಂದು ರಿಪೇರಿ ಪ್ರಬಂಧ ಹಾಕಲಿ. ಕೊಳವೆಬಾವಿಯ ಮೋಟಾರ್, ಹಾಲು ಕರೆಯುವ ಯಂತ್ರ, ಇನ್ಸುಲಿನ್ ಇಡುವ ಫ್ರಿಜ್ಜು, ಹೊಲಿಗೆ ಯಂತ್ರ, ಯಾವುದಾದರೂ ಸರಿ. ಬರೆಯಲು ಬಾರದ ಮೆಕ್ಯಾನಿಕ್ ಮತ್ತು ರಿಪೇರಿ ಬಾರದ ಸಾಹಿತ್ಯ ವಿದ್ಯಾರ್ಥಿ ಜೊತೆಯಾಗಿ ಬರೆಯಲಿ, ಮೆಕ್ಯಾನಿಕ್ಕಿನ ಹೆಸರು ಮೊದಲು ಬರಲಿ, ಸಂಭಾವನೆ ಇಬ್ಬರಿಗೂ ಸಲ್ಲಲಿ. ಕನ್ನಡ ಎಂ.ಎ. ತರಗತಿಯಲ್ಲಿ ಒಂದು ನಿಯೋಜಿತ ಬರಹ ಹೀಗಿರಲಿ: ನಿಮ್ಮ ಮನೆಯಲ್ಲಿ ಕೆಟ್ಟಿರುವ ಒಂದು ವಸ್ತುವನ್ನು ಸರಿಪಡಿಸುವ ಕ್ರಮವನ್ನು ಬರೆಯಿರಿ. ಸಹಪಾಠಿಯೊಬ್ಬರು ಅದನ್ನು ಓದಿ ವಸ್ತುವನ್ನು ಸರಿಪಡಿಸಿದರೆ ಪೂರ್ತಿ ಅಂಕ, ಆಗದಿದ್ದರೆ ಯಾವ ವಾಕ್ಯದಲ್ಲಿ ದಾರಿ ತಪ್ಪಿತು ಎಂದು ತರಗತಿಯಲ್ಲಿ ಚರ್ಚೆ. ನನಗೆ ಗೊತ್ತಿರುವ ಯಾವ ವಿಮರ್ಶಾ ಪದ್ಧತಿಗಿಂತಲೂ ಇದು ಪ್ರಾಮಾಣಿಕ.

ಗ್ಲೈಕಾಲ್ ಚಿಲ್ಲರಿನ ಎರಡು ಪುಟವನ್ನು ನಾನೂ ನನ್ನ ತಮ್ಮನೂ ಬರೆಯುತ್ತಿದ್ದೇವೆ. ಅವನು ಹೇಳುತ್ತಾನೆ, ನಾನು ಬರೆದು ಓದಿ ಹೇಳುತ್ತೇನೆ, ಅವನು 'ಹಂಗಲ್ಲ ಅಕ್ಕ' ಎಂದು ತಿದ್ದುತ್ತಾನೆ. ಮೊದಲ ಸಾಲು ಮಾತ್ರ ಇನ್ನೂ ಒಮ್ಮೆಯೂ ಬದಲಾಗಿಲ್ಲ: ಮುಚ್ಚಳ ತೆಗೆಯುವ ಮುಂಚೆ ಪ್ಲಗ್ ಕೀಳಿ.